ಅವ್ವನ ಹೆಸರಿನಲ್ಲಿ

ಹೆಂಡತಿಯನ್ನು ಬಿಡಲು ಸೋಡಚೀಟಿಗೆ ಅರ್ಜಿ ಹಾಕುವ ಮೊದಲೇ ಅವನು ಮನೆ, ಹಿಟ್ಟಿನ ಗಿರಣಿ ಎರಡನ್ನೂ ತಾಯಿಯ ಹೆಸರಿಗೆ ಬರೆದುಕೊಟ್ಟಿದ್ದ. ಈಗ ಸಂಧಾನಕಾರರ ಮುಂದೆ ಬರಿಗೈ ತೋರಿಸಿದ.

"ನನ್ನ ಹೆಸರಲೆ ಏನೂ ಇಲ್ರಿ. ಇಕಿಗೆ ಎಲ್ಲಿಂದ ಪಾಲು ಕೊಡ್ಲಿ?"

"ಮೂವತ್ತು ವರ್ಷ ಆ ಗಿರಣ್ಯಾಗ ನಾನೂ ಬೀಸೀನ್ರಿ," ಎಂದಳು ಹೆಂಡತಿ.

"ಬೀಸಿದಿ, ಉಂಡಿ. ಅಲ್ಲಿಗೆ ಮುಗೀತು," ಎಂದ ಅವನು.

ಸಾಕ್ಷಿಗೆಂದು ಅವನೇ ಕರೆತಂದಿದ್ದ ತಾಯಿ ಕುಳಿತಲ್ಲಿಂದಲೇ ಕೇಳಿದಳು.

"ಸಾಹೇಬ್ರ, ನನ್ನ ಹೆಸರಲೆ ಐತಿ ಅಂದ್ರ ಖರೇನ ನಂದ ಏನ್ರಿ?"

"ನಿಮ್ದ ಅಮ್ಮಾ. ಕಾಗದ ಪಕ್ಕಾ ಐತಿ," ಎಂದರು ಸಂಧಾನಕಾರರು.

ಅವನು ಮೀಸೆಯಡಿಯಲ್ಲೇ ನಕ್ಕ.

ಮುದುಕಿ ಸೊಸೆಯ ಹೆಗಲಿಗೆ ಕೈಯೂರಿ ಎದ್ದಳು.

"ನಡಿಯವಾ, ನಮ್ಮ ಮನಿಗೆ ಹೋಗೂಣು. ಇವಗೂ ಊಟ ಹಾಕೂಣಂತ, ಗಿರಣ್ಯಾಗ ಬೀಸಿದ್ರ."