ಟೆಂಟಿನೊಳಗಿನ ಜಾಗ

ನಡುಮನೆಯಲ್ಲಿ ಹರಡಿ ನಿಲ್ಲಿಸಿದ್ದ ಟೆಂಟಿನೊಳಗೆ ಅಪ್ಪ ಅಂಗಾತ ಮಲಗಿ ಕೈಕಾಲು ಚಾಚಿದ. ಪಕ್ಕದಲ್ಲಿ ಅಣ್ಣ ಮಲಗಿದ. ಅವನಾಚೆಗೆ ಇನ್ನೂ ಒಬ್ಬರು ಆರಾಮಾಗಿ ಮಲಗುವಷ್ಟು ಜಾಗ ಉಳಿಯಿತು. ಬಾಗಿಲಲ್ಲಿ ನಿಂತಿದ್ದ ಮಗಳು ಆ ಜಾಗವನ್ನೇ ನೋಡಿದಳು.

ಅಪ್ಪ, ಮಗ ಬೆಟ್ಟ ಹತ್ತಿ ಬಂದಾಗಲೆಲ್ಲ ಹರಿದ ಬ್ಯಾಗು, ಕಿತ್ತ ಜಿಪ್ಪು ಅವಳ ಹೊಲಿಗೆ ಯಂತ್ರದ ಮುಂದೆಯೇ ಬಂದು ಬೀಳುತ್ತಿದ್ದವು. ನಾನೂ ಬರ್ತೀನಿ ಎಂದರೆ ಅಪ್ಪನದು ಒಂದೇ ಮಾತು: "ಟೆಂಟಲ್ಲಿ ಇಬ್ರಿಗೇ ಜಾಗ ಕಣಮ್ಮ." ಅದಕ್ಕೇ ಈ ಸಲ ಕೇಳಲು ಹೋಗದೆ, ಟೆಂಟಿನ ಒಂದು ಮಗ್ಗುಲು ಬಿಚ್ಚಿ, ತನ್ನ ಕೆಂಪು ರೈನ್‌ಕೋಟನ್ನೇ ಕತ್ತರಿಸಿ ಜೋಡಿಸಿದ್ದಳು.

"ಭೇಷ್," ಎಂದ ಅಪ್ಪ, ಕೆಂಪು ಬಟ್ಟೆಯನ್ನು ತಟ್ಟಿ. "ನಮ್ಮ ಕಷ್ಟ ನಿನಗಾದ್ರೂ ಗೊತ್ತಾಯ್ತಲ್ಲ. ಬ್ಯಾಗೆಲ್ಲ ಹೊರಗೇ ನೆನೀತಿದ್ವು." ಅಣ್ಣ ಎದ್ದು ಹೋಗಿ ಎರಡೂ ಬ್ಯಾಗು ತಂದು ಆ ಜಾಗದಲ್ಲಿ ಒರಗಿಸಿದ. "ನೋಡಪ್ಪಾ, ಅಳತೆ ತಗೊಂಡು ಹೊಲಿದ ಹಾಗಿದೆ."

ಅವಳು ಅಳತೆ ತೆಗೆದುಕೊಂಡೇ ಹೊಲಿದಿದ್ದಳು, ಅಡುಗೆಮನೆಯ ನೆಲದ ಮೇಲೆ ತಾನೇ ಮಲಗಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು.

"ಸೂಜಿ ತೂತಿಗೆಲ್ಲ ಅಂಟು ಹಚ್ಚಿದೀಯಾ? ಇಲ್ಲಾಂದ್ರೆ ಒಂದೇ ಮಳೆಗೆ ಒಳಗೆಲ್ಲ ನೀರು," ಎಂದ ಅಪ್ಪ.

ಮೂವರೂ ಮಲಗಿ ನೋಡಿದ ಮೇಲೆ ಹಚ್ಚೋಣವೆಂದು ಇಟ್ಟಿದ್ದ ಅಂಟಿನ ಟ್ಯೂಬು, ಮುಚ್ಚಳವನ್ನೂ ತೆರೆಯದೆ, ಯಂತ್ರದ ಮೇಲೆಯೇ ಇತ್ತು. ಅವಳು ಅದನ್ನು ಖಾನೆಯೊಳಗೆ ಹಾಕಿ ಮುಚ್ಚಿದಳು.

"ಹಚ್ಚಿದೀನಪ್ಪಾ," ಎಂದಳು.