ನಲವತ್ತೆರಡನೇ ನಂಬರಿನ ಹುಡುಗ

“ಫೋಟೋ ಆಮೇಲೆ. ಮೊದಲು ನೀವು ಹೇಳಿ,” ಎಂದು ಮುದುಕಿ ಆಲ್ಬಂ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. “ಅವನ ಮುಖ ನೋಡಿದ್ರೆ ನನಗೆ ಮತ್ತೇನೂ ಕಿವಿಗೆ ಬೀಳಲ್ಲ.”

ಕಣ್ಣಿನ ಡಾಕ್ಟರು ಗಡಿಯಾರ ನೋಡಿದರು. ಅರ್ಧ ಗಂಟೆಯಲ್ಲಿ ಎದ್ದುಬಿಡಬೇಕೆಂದು ಬಂದವರು. ತಪ್ಪು ಅವರದೇ. ತಾವು ಓದಿದ ವಸತಿ ಶಾಲೆಗೆ ಐವತ್ತು ತುಂಬಿತೆಂದು ಸ್ಮರಣ ಸಂಚಿಕೆ ತಂದಾಗ, ಪಕ್ಕದ ಮಂಚದ ಗೆಳೆಯನ ಬಗ್ಗೆ ಎರಡು ಪುಟ ಬರೆದುಕೊಟ್ಟಿದ್ದರು.

ಆ ಶಾಲೆಯಲ್ಲಿ ಹೆಸರಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಅಂಗಿ, ಟವೆಲ್, ದಿಂಬಿನ ಚೀಲ ಎಲ್ಲ ಶಾಲೆಯದೇ. ಎಲ್ಲದರ ಮೇಲೂ ಮಂಚದ ನಂಬರನ್ನು ಕೆಂಪು ದಾರದಲ್ಲಿ ಹೊಲಿದಿರುತ್ತಿದ್ದರು. ಆ ಮಂಚಕ್ಕೆ ಬಂದ ಹುಡುಗನಿಗೆ ಆ ನಂಬರೇ ಹೆಸರು. ಡಾಕ್ಟರು ನಲವತ್ತೊಂದು, ಗೆಳೆಯ ನಲವತ್ತೆರಡು. ಲೇಖನದಲ್ಲೂ ಹಾಗೆಯೇ ಬರೆದಿದ್ದರು. ನಿಜವಾದ ಹೆಸರು ನೆನಪಿದ್ದರೆ ತಾನೇ?

ಸಂಚಿಕೆ ಹೇಗೋ ಈಕೆಯ ಕೈ ಸೇರಿತ್ತು. “ನಾನು ನಲವತ್ತೆರಡರ ತಾಯಿ. ಅವನು ಹೋಗಿಬಿಟ್ಟ. ಒಂದ್ಸಲ ಮನೆಗೆ ಬರ್ತೀರಾ?” ಎಂದು ಫೋನ್ ಮಾಡಿದ್ದಳು. ಯಾವಾಗ, ಹೇಗೆ ಎಂದು ಕೆದಕಿದರೆ ಚೆನ್ನಾಗಿರದು ಎಂದು ಡಾಕ್ಟರು ಕೇಳಿರಲಿಲ್ಲ. ಶಾಲೆ ಬಿಟ್ಟ ಮೇಲೆ ಗೆಳೆಯನ ಸುದ್ದಿಯೇ ಇರಲಿಲ್ಲ. ಪಾಪ, ಅರ್ಧ ಆಯುಷ್ಯಕ್ಕೇ ಮುಗಿಯಿತಲ್ಲ ಎಂದು ನಿಜವಾಗಿಯೂ ಮರುಗಿದ್ದರು.

“ನನಗೆ ಗೊತ್ತಾಗಬೇಕಾದ್ದು ಒಂದೇ,” ಎಂದಳು ಮುದುಕಿ. “ಅಲ್ಲಿ ಅವನು ಖುಷಿಯಾಗಿದ್ನಾ? ಹೋಗಲ್ಲ ಅಂತ ಬಾಗಿಲು ಹಿಡ್ಕೊಂಡು ನಿಂತಿದ್ದ. ಬೆರಳು ಒಂದೊಂದಾಗಿ ಬಿಡಿಸಿದವಳು ನಾನೇ. ಅವತ್ತಿಂದ ನನಗೆ ನಿದ್ದೆ ಅನ್ನೋದು ಹೆಸರಿಗಷ್ಟೇ.”

“ಖುಷಿಯಾಗಿದ್ನಾ ಅಂತ ಕೇಳ್ತೀರಾ?” ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ನಮ್ಮನ್ನೆಲ್ಲ ಖುಷಿಯಾಗಿ ಇಟ್ಟಿದ್ದೇ ಅವನು.”

ಹಳೆಯ ದಿನಗಳ ಮಾತು ಬಂದರೆ ಡಾಕ್ಟರಿಗೆ ಗಡಿಯಾರ ಮರೆತುಹೋಗುತ್ತಿತ್ತು. ಸ್ನಾನದ ಕೋಣೆಯ ಬಾಗಿಲ ಹಿಂದೆ ನಿಂತು ನಲವತ್ತೆರಡು ವಾರ್ಡನ್ ದನಿಯಲ್ಲಿ ಗದರಿದ್ದು, ಇಡೀ ಕೊಠಡಿ ಟವೆಲ್ ಸುತ್ತಿಕೊಂಡು ಸಾಲಾಗಿ ನಿಂತದ್ದು. ಬ್ರೆಡ್ಡಿನ ಅಂಚು ಕೊಟ್ಟು ಪಕ್ಕದವನ ಜಾಮ್ ಗಿಟ್ಟಿಸುತ್ತಿದ್ದದ್ದು. ಒಂದೊಂದಕ್ಕೂ ಮುದುಕಿಯ ಮುಖ ಅರಳುತ್ತ ಹೋಯಿತು.

“ಮಾತು ತಡವರಿಸ್ತಿತ್ತಲ್ಲ ಅವನಿಗೆ?”

“ತಡವರಿಸೋದಾ? ಅರಳು ಹುರಿದ ಹಾಗೆ ಮಾತಾಡ್ತಿದ್ದ.”

“ಹೌದಾ,” ಎಂದಳು ಆಕೆ, ಕಣ್ಣೊರೆಸಿಕೊಂಡು. “ನನ್ನ ಕಣ್ಣೆದುರೇ ಇದ್ದಿದ್ರೆ ಹಾಗೇ ಉಳಿದುಬಿಡ್ತಿದ್ದ. ಕಳಿಸಿದ್ದೇ ಒಳ್ಳೇದಾಯ್ತು. ಯಾರೂ ಗೋಳು ಹೊಯ್ಕೊಳ್ಳಲಿಲ್ವಾ?”

“ಹೊಸಬರ ಕಾಲೆಳೆಯೋದು ಎಲ್ಲ ಕಡೆ ಇರುತ್ತೆ ಅಮ್ಮ. ಹುಡುಗಾಟ. ನಾವು ನಾಲ್ಕು ಜನ ಅದರಲ್ಲಿ ಎತ್ತಿದ ಕೈ.” ಡಾಕ್ಟರು ನಕ್ಕರು. “ಆದ್ರೆ ಇವನು ನಮ್ಮನ್ನೇ ನಗಿಸಿ ನಮ್ಮ ಗುಂಪಿಗೇ ಸೇರ್ಕೊಂಡ. ಐದನೆಯವನು.”

ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟೋ ವರ್ಷದ ಭಾರ ಇಳಿದವರ ಅಳು ಅದು. ಡಾಕ್ಟರು ನೀರಿನ ಲೋಟ ಅವಳ ಕೈಗಿತ್ತರು. ಕಷ್ಟದ ಆಪರೇಷನ್ನೊಂದು ಸಲೀಸಾಗಿ ಮುಗಿದಷ್ಟು ಸಮಾಧಾನ ಅವರಿಗೂ ಆಗಿತ್ತು.

“ಈಗ ನೋಡಿ,” ಎಂದು ಆಕೆ ಆಲ್ಬಂ ತೆರೆದಳು.

ತೆಳ್ಳನೆಯ ಹುಡುಗ. ಅಗಲ ಕಿವಿ, ಬಿಗಿದ ತುಟಿ. ಇವನು ಡಾಕ್ಟರ ಗೆಳೆಯನಲ್ಲ. ಹಾಗೆಂದು ಕಾಣದ ಮುಖವೂ ಅಲ್ಲ. ಗೆಳೆಯ ಬರುವ ಮೊದಲು ಅದೇ ಮಂಚದಲ್ಲಿ ಮೂರು ತಿಂಗಳು ಮಲಗಿದ್ದ ತೊದಲ ಇವನು. ಆಮೇಲೆ ಆ ಮಂಚ ಖಾಲಿಯಿದ್ದದ್ದು ಎಂಟೇ ದಿನ. ಕೆಂಪು ದಾರ ಬಿಚ್ಚುವ ತಾಪತ್ರಯ ಯಾಕೆಂದು ಅಂಗಿ, ಟವೆಲ್, ನಂಬರು ಎಲ್ಲವನ್ನೂ ಹೊಸಬನಿಗೆ ಕೊಟ್ಟಿದ್ದರು.

“ಕಾಲು ಜಾರಿ ನೀರಿನ ತೊಟ್ಟಿಗೆ ಬಿದ್ದ ಅಂತ ಶಾಲೆಯವರು ಕಾಗದ ಬರೆದ್ರು,” ಮುದುಕಿ ಫೋಟೋದ ಕೆನ್ನೆ ಸವರುತ್ತಿದ್ದಳು. “ನಾನು ನಂಬಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ತಾನೇ ಹಾರಿದ ಅಂದ್ಕೊಂಡೇ ಇಷ್ಟು ವರ್ಷ ಬದುಕಿದೆ. ಅಷ್ಟೊಂದು ನಗ್ತಿದ್ದವನು ಹಾರಿರಲ್ಲ, ಅಲ್ವಾ ಡಾಕ್ಟ್ರೇ?”

“ಇಲ್ಲ ಅಮ್ಮ. ಅವನು ಹಾರಲಿಲ್ಲ.”

ಅದನ್ನು ಅಷ್ಟು ಖಡಾಖಂಡಿತವಾಗಿ ಹೇಳಬಲ್ಲವರು ನಾಲ್ಕೇ ಜನ: ಕೈ ಹಿಡಿದಿದ್ದವರು ಇಬ್ಬರು, ಕಾಲು ಹಿಡಿದಿದ್ದವರು ಇಬ್ಬರು.