ಮುಚ್ಚಳದ ಒಳಮೈ

ಹಳೇ ಕಾರಿನ ಹಿಂದಿನ ಚಕ್ರಗಳ ನಡುವಿದ್ದ ಡಿಫರೆನ್ಷಿಯಲ್ ಮುಚ್ಚಳ ಬಿಚ್ಚುತ್ತಿದ್ದಂತೆ ಗಬ್ಬುನಾತ ಮುಖಕ್ಕೆ ರಾಚಿತು. ಎಣ್ಣೆಯಲ್ಲಿ ಕೊಳೆತ ಮರದ ಪುಡಿ ಗೇರಿನ ಹಲ್ಲುಗಳ ತುಂಬ ಹಳಸಿದ ಅಂಬಲಿಯಂತೆ ಮೆತ್ತಿಕೊಂಡಿತ್ತು. ಮೆಕ್ಯಾನಿಕ್ ನಂಜುಂಡಾಚಾರಿ ಮುಖ ಹಿಂದಕ್ಕೆಳೆದುಕೊಂಡ.

"ಥೂ! ಸವೆದ ಗೇರು ಕೂಗಬಾರದು ಅಂತ ಮರದ ಪುಡಿ ತುಂಬಿ ನಿಮ್ಮ ಯಜಮಾನರಿಗೆ ಮಾರಿದ್ದಾರೆ ಮೇಡಂ. ಹೊಟ್ಟೆಗೆ ಅನ್ನ ತಿನ್ನೋ ಮೆಕ್ಯಾನಿಕ್ ಮಾಡೋ ಕೆಲಸಾನಾ ಇದು?"

"ಪಾಪ, ಅವರು ಕೊನೇವರೆಗೂ ಎಷ್ಟು ಮೆತ್ತಗೆ ಓಡುತ್ತೆ ನೋಡು ಅಂತ ಹೊಗಳ್ತಿದ್ರು," ಎಂದರು ಪಕ್ಕದಲ್ಲಿ ನಿಂತಿದ್ದ ಕಾರಿನ ಒಡತಿ. "ಯಾರು ಮಾಡಿದ್ದು ಅಂತ ಗೊತ್ತಾಗಲ್ವಾ?"

"ಬೋಲ್ಟ್ ಮೇಲಿನ ಸ್ಪ್ಯಾನರ್ ಗುರುತು ನೋಡಿದ್ರೆ, ಕಂಪನಿಯವರು ಬಿಟ್ಟರೆ ಇದನ್ನ ಬಿಚ್ಚಿದೋನು ಒಬ್ಬನೇ. ಕೈಗೆ ಸಿಕ್ಕಿದ್ರೆ ಮುಖಕ್ಕೆ ಉಗೀತಿದ್ದೆ. ನಮ್ಮಪ್ಪ ಇದ್ದಿದ್ರೆ ಚಪ್ಪಲೀಲಿ ಹೊಡೀತಿದ್ರು."

ಎರಡು ದಿನ ಕೂತು, ಹೆದ್ದಾರಿಯಲ್ಲಿ ಸಲೀಸಾಗಿ ಓಡುವಂಥ ಹೊಸ ಗೇರುಗಳನ್ನು ಕೂರಿಸಿದ. ಇನ್ನು ಉಳಿದದ್ದು ಹಳೇ ಮುಚ್ಚಳ ಹಾಕುವುದೊಂದೇ; ಕಾರು ಒಯ್ಯಲು ಒಡತಿಯೂ ಬಂದಿದ್ದರು. ತಾನು ಬಿಚ್ಚಿದ ಮುಚ್ಚಳದ ಒಳಗೆ ಮೂರು ಚುಕ್ಕೆ ಹೊಡೆಯದೆ ಅವನು ಮುಚ್ಚುತ್ತಿರಲಿಲ್ಲ. ಅದು ಅಪ್ಪ ಶುರುಮಾಡಿದ ಪದ್ಧತಿ. ಊರಿನ ಬೇರೆ ಯಾವ ಗ್ಯಾರೇಜಿನಲ್ಲೂ ಇರಲಿಲ್ಲ.

"ಕೆಲಸ ಮಾಡಿದೋನು ಗುರುತು ಬಿಡಬೇಕು ಮೇಡಂ, ಕಳ್ಳನ ಹಾಗೆ ಹೋಗಬಾರದು," ಎನ್ನುತ್ತ ಪಂಚು, ಸುತ್ತಿಗೆ ಎತ್ತಿಕೊಂಡ. ಮುಚ್ಚಳಕ್ಕೆ ಅಂಟಿದ್ದ ಹೊಲಸನ್ನು ಸೀಮೆಎಣ್ಣೆ ಬಟ್ಟೆಯಿಂದ ಗಸಗಸ ಉಜ್ಜಿದ.

ಮೂರು ಚುಕ್ಕೆಗಳು ಆಗಲೇ ಅಲ್ಲಿದ್ದವು.